ಬೆನ್ನ ಹಿಂದಿನ ಬೆಂಕಿ

ಗಾಳಿಯನ್ನೇ ನಂಬಿ ಹಾರುವ ಗ್ಲೈಡರಿಗೆ ಆಸರೆಯಾಗಲೆಂದು ಎಂಜಿನ್ ಬಂತು. ಆ ಆಸರೆಯನ್ನೇ ನೆಚ್ಚಿ ಕೂತರೆ ಪ್ರಾಣಕ್ಕೆ ಸಂಚಕಾರ.

2017ರ ಆಗಸ್ಟ್ 10. ಇಂಗ್ಲೆಂಡಿನ ಪಶ್ಚಿಮ ಸಸೆಕ್ಸ್‌ನಲ್ಲಿರುವ ಪಾರ್ಹಮ್ ಮೈದಾನಕ್ಕೆ ‘ಶಾರ್ಕ್’ ಹೆಸರಿನ ಗ್ಲೈಡರ್ ಒಂದು ಇಳಿಯುತ್ತಿತ್ತು. ಮೂತಿಯಲ್ಲಿ ಪುಟ್ಟ ಪ್ರೊಪೆಲರ್, ಅದನ್ನು ತಿರುಗಿಸಲು ವಿದ್ಯುತ್ ಮೋಟಾರ್, ಕಾಕ್‌ಪಿಟ್‌ನ ಹಿಂಬದಿಯ ಗೂಡಿನಲ್ಲಿ ಎರಡು ಲಿಥಿಯಂ ಬ್ಯಾಟರಿ. ಪೈಲಟ್‌ ಪಾಲಿಗೆ ಅದು ಎಂದಿನಂಥದೇ ಹಾರಾಟ. ಆದರೆ ಚಕ್ರ ನೆಲ ಮುಟ್ಟುವ ಮೊದಲೇ ಬ್ಯಾಟರಿ ಗೂಡಿನ ಮುಚ್ಚಳ ಕಿತ್ತುಹೋಗಿತ್ತು, ಒಳಗೆ ಬೆಂಕಿ ಉರಿಯುತ್ತಿತ್ತು. ಮುಂದೆ ನೋಡುತ್ತ ಕೂತಿದ್ದ ಪೈಲಟ್‌ಗೆ ಇದಾವುದೂ ಗೊತ್ತಿರಲಿಲ್ಲ. ನೆಲದ ಮೇಲೆ ಓಡುತ್ತ ವೇಗ ತಗ್ಗಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನೋಡನೋಡುತ್ತಿದ್ದಂತೆ ಕಾಕ್‌ಪಿಟ್ ತುಂಬ ಹೊಗೆ. ಗ್ಲೈಡರ್ ನಿಂತೊಡನೆ ಅವರು ಹೊರಗೆ ಬಂದರು. ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆ ಈ ಪ್ರಕರಣವನ್ನು ‘ಅದೃಷ್ಟ ಚೆನ್ನಾಗಿತ್ತು’ ಎಂದು ಕೈಬಿಡಲಿಲ್ಲ. ಬ್ಯಾಟರಿ ಗೂಡಿನಲ್ಲಿ ಬೆಂಕಿ ಹೊತ್ತಿದರೆ ಪೈಲಟ್‌ಗೆ ತಿಳಿಸುವ ವ್ಯವಸ್ಥೆಯೇ ಇಲ್ಲವೆಂಬುದನ್ನು ಅದು ಎತ್ತಿ ಹೇಳಿತು. ವಿದ್ಯುತ್ ಚಾಲಿತ ಗ್ಲೈಡರುಗಳಿಗೆಲ್ಲ ಅಂಥ ಎಚ್ಚರಿಕೆ ವ್ಯವಸ್ಥೆ ಇರಬೇಕೆಂದು ಶಿಫಾರಸು ಮಾಡಿತು. ಮೋಟಾರ್ ಗ್ಲೈಡರುಗಳ ಸುರಕ್ಷತೆಯ ಮಾತು ಶುರುವಾಗಬೇಕಾದದ್ದು ಇಲ್ಲಿಂದಲೇ. ಎಂಜಿನ್ನೋ ಬ್ಯಾಟರಿಯೋ ಹಲವೆಡೆ ಇರುವುದು ಪೈಲಟ್‌ನ ಬೆನ್ನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ.

ಎಂಜಿನ್ ಬಂದ ದಾರಿ

ಬರೀ ಗ್ಲೈಡರ್ ತಾನಾಗಿ ಮೇಲೇರಲಾರದು. ಇನ್ನೊಂದು ವಿಮಾನ ಅದನ್ನು ಎಳೆದೊಯ್ಯಬೇಕು, ಇಲ್ಲವೇ ನೆಲದ ಮೇಲಿನ ವಿಂಚ್ ಹಗ್ಗ ಸುತ್ತಿ ಮೇಲೇರಿಸಬೇಕು. ಆಮೇಲೆ ಬಿಸಿಗಾಳಿಯ ಕಂಬಗಳನ್ನು ಹುಡುಕಿ ಎತ್ತರ ಗಳಿಸಬೇಕು. ಗಾಳಿ ಕೈಕೊಟ್ಟರೆ ಯಾವುದೋ ಊರಿನ ಹೊಲದಲ್ಲಿ ಇಳಿಯಬೇಕು. ಈ ಪರಾವಲಂಬನೆ ತಪ್ಪಿಸಲು 1935ರಲ್ಲೇ ಇಂಗ್ಲೆಂಡಿನ ಕಾರ್ಡನ್ ಮತ್ತು ಬೇನ್ಸ್ ಸೇರಿ ‘ಸ್ಕಡ್ 3’ ಗ್ಲೈಡರಿಗೆ 249 ಸಿಸಿಯ ವಿಲಿಯರ್ಸ್ ಎಂಜಿನ್ ಕೂಡಿಸಿದರು. ಬೇಕೆಂದಾಗ ಹೊರಬರುವ, ಬೇಡವೆಂದಾಗ ಒಡಲೊಳಗೆ ಮಡಚಿಕೊಳ್ಳುವ ಎಂಜಿನ್ ಅದು. ಇಂದಿನ ಹಲವು ಮೋಟಾರ್ ಗ್ಲೈಡರುಗಳ ಮೂಲ ವಿಚಾರ ಅದೇ. 1981ರಲ್ಲಿ ಮೊದಲ ಬಾರಿ ಹಾರಿದ ಜರ್ಮನಿಯ ಡಿಜಿ-400 ಇದನ್ನು ಸಾಮಾನ್ಯ ಕ್ಲಬ್ ಪೈಲಟ್‌ಗಳ ಕೈಗೂ ತಲುಪಿಸಿತು.

ಇದರ ಫಲ ಸಣ್ಣದಲ್ಲ. 2003ರ ಜನವರಿಯಲ್ಲಿ ಕ್ಲಾಸ್ ಓಲ್ಮನ್ ಮತ್ತು ಕಾರ್ಲ್ ರಾಬೆಡರ್ ಅರ್ಜೆಂಟೀನಾದ ಆಂಡೀಸ್ ಪರ್ವತಗಳ ಗಾಳಿಯಲೆಗಳ ಮೇಲೆ 3,009 ಕಿ.ಮೀ. ಸಾಗಿ ದಾಖಲೆ ಬರೆದದ್ದು ಮಡಚುವ ಎಂಜಿನ್ ಹೊತ್ತ ನಿಂಬಸ್-4ಡಿಎಂ ಗ್ಲೈಡರಿನಲ್ಲಿ. ಇದೇ ಓಲ್ಮನ್ 2014ರಲ್ಲಿ ಎವರೆಸ್ಟ್ ಪ್ರದೇಶದ ಮೇಲೆ ಹಾರಿದ್ದೂ ಮೋಟಾರ್ ಗ್ಲೈಡರಿನಲ್ಲೇ.

ಉರಿ ಹುಟ್ಟುವ ಬಗೆ

ಮಡಚುವ ಎಂಜಿನ್ ಹಲವೆಡೆ ಟೂ-ಸ್ಟ್ರೋಕ್. ಹಗುರ, ಗಾತ್ರ ಚಿಕ್ಕದು, ಶಕ್ತಿ ಹೆಚ್ಚು. ಜೊತೆಗೆ ಅದುರುವುದೂ ಹೆಚ್ಚು. ಪ್ರತಿ ಹಾರಾಟದಲ್ಲೂ ಅದು ಗೂಡಿನಿಂದ ಮೇಲೇಳುತ್ತದೆ, ಗಡಗಡ ನಡುಗುತ್ತ ದುಡಿಯುತ್ತದೆ, ಮತ್ತೆ ಒಳಸೇರುತ್ತದೆ. ಪೆಟ್ರೋಲ್ ಪೈಪು, ವಿದ್ಯುತ್ ತಂತಿ, ಥ್ರಾಟಲ್ ಕೇಬಲ್ಲುಗಳೆಲ್ಲ ಅದರೊಂದಿಗೇ ಬಾಗಿ ನಿಮಿರುತ್ತವೆ. ಬಾವಿಯ ಹಗ್ಗ ಕಲ್ಲಂಚನ್ನು ಸವೆಸಿದಂತೆ, ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಪೈಪಿನ ಮೈ ತೆಳುವಾಗುತ್ತದೆ. ರಬ್ಬರ್ ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಅದುರುವಿಕೆಗೆ ಸೈಲೆನ್ಸರ್ ಸೀಳುವುದೂ ಉಂಟು. ಜಿನುಗಿದ ಪೆಟ್ರೋಲು ಕಾದ ಎಗ್ಸಾಸ್ಟ್‌ಗೆ ತಾಗಿದರೆ ಅಥವಾ ಕಿತ್ತ ತಂತಿಯ ಕಿಡಿ ಸೋಕಿದರೆ ಉರಿಯೇಳಲು ಕ್ಷಣ ಸಾಕು.

ಸುತ್ತಲಿರುವುದು ಲೋಹವಲ್ಲ. ಗ್ಲಾಸ್‌ಫೈಬರ್, ಕಾರ್ಬನ್ ಎಳೆಗಳನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಮೈ. ಬಿಸಿ ಏರಿದಂತೆ ರಾಳ ಮೆತ್ತಗಾಗುತ್ತದೆ, ರಚನೆ ಬಲ ಕಳೆದುಕೊಳ್ಳುತ್ತದೆ. ಸುಟ್ಟರೆ ಬರುವ ಹೊಗೆ ವಿಷ. ರೆಕ್ಕೆಗಳು ದೇಹಕ್ಕೆ ಸೇರುವ ಜಾಗ, ಇಂಧನ ಟ್ಯಾಂಕು, ಬಾಲದ ಕಡೆಗೆ ಹೋಗುವ ನಿಯಂತ್ರಣ ಸರಳುಗಳು, ಇವೆಲ್ಲ ಎಂಜಿನ್ ಗೂಡಿನ ಆಸುಪಾಸಿನಲ್ಲೇ ಇರುತ್ತವೆ. ಹಾಗಾಗಿ ಇಲ್ಲಿ ಬೆಂಕಿಯೆಂದರೆ ಇಳಿಯಲು ಸಿಗುವ ಕಾಲಾವಕಾಶವೇ ಕುಗ್ಗಿತೆಂದು ಅರ್ಥ.

ಲಿಥಿಯಂ ಬ್ಯಾಟರಿಯ ಕಥೆ ಬೇರೆ. ಒಂದು ಕೋಶ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಅದು ಇನ್ನೊಂದನ್ನು. ಈ ಸರಪಳಿ ಶುರುವಾದರೆ ಸ್ವಿಚ್ ಆರಿಸಿದರೂ ನಿಲ್ಲದು. ಪೆಟ್ರೋಲಿನ ಬೆಂಕಿಗೆ ವಾಲ್ವ್ ಮುಚ್ಚುವ ದಾರಿಯಾದರೂ ಇದೆ. ಇದಕ್ಕೆ ಮುಚ್ಚಲು ಏನೂ ಇಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದಾಗ ನಾವೆಲ್ಲ ಕಂಡದ್ದು ಇಂಥದೇ ಉರಿ. ಸ್ಕೂಟರ್ ಬಿಟ್ಟು ದೂರ ಓಡಬಹುದು; ಗ್ಲೈಡರಿನಲ್ಲಿ ಮೊದಲು ನೆಲ ಮುಟ್ಟಬೇಕು, ಇಲ್ಲವೇ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಬೇಕು. ಎತ್ತರ ಕಡಿಮೆಯಿದ್ದರೆ ಆ ಎರಡನೆಯ ದಾರಿಯೂ ಮುಚ್ಚಿದ ಹಾಗೆಯೇ.

ಹೊತ್ತದ ಎಂಜಿನ್ನೂ ಕೊಲ್ಲುತ್ತದೆ

ಮೋಟಾರ್ ಗ್ಲೈಡರುಗಳ ಸಾವುಗಳೆಲ್ಲ ಬೆಂಕಿಯಿಂದಲೇ ಆದವಲ್ಲ. 1999ರ ಜುಲೈನಲ್ಲಿ ಅಮೆರಿಕದ ನೆವಾಡಾ ರಾಜ್ಯದ ಮಿಂಡನ್ ಬಳಿ ಒಂದು ನಿಂಬಸ್-4ಡಿಎಂ ಆಕಾಶದಲ್ಲೇ ಮುರಿದು ಇಬ್ಬರು ಸತ್ತರು. ಮುಂದೆ ಆಂಡೀಸ್ ದಾಖಲೆ ಬರೆದ ಅದೇ ಮಾದರಿ ಅದು. ಗಿರಗಿರನೆ ಕೆಳಗಿಳಿಯುತ್ತಿದ್ದ ಗ್ಲೈಡರನ್ನು ಸರಿದಾರಿಗೆ ತರುವ ಯತ್ನದಲ್ಲಿ ತುದಿಯಿಂದ ತುದಿಗೆ 26 ಮೀಟರಿಗೂ ಉದ್ದನೆಯ ರೆಕ್ಕೆಗಳು ಹೊರಲಾರದ ಭಾರಕ್ಕೆ ಸಿಕ್ಕಿದ್ದವು. ನಮ್ಮ ನೆರೆಯ ಕೊಚ್ಚಿಯಲ್ಲಿ 2020ರ ಅಕ್ಟೋಬರ್ 4ರ ಬೆಳಿಗ್ಗೆ ನೌಕಾಪಡೆಯ ಮೋಟಾರ್ ಗ್ಲೈಡರ್ ತೋಪ್ಪುಂಪಡಿ ಸೇತುವೆಯ ಬಳಿ ಬಿದ್ದು ಅದರಲ್ಲಿದ್ದ ಇಬ್ಬರೂ ತೀರಿಕೊಂಡರು. ವಾಡಿಕೆಯ ತರಬೇತಿ ಹಾರಾಟಕ್ಕೆಂದು ಐಎನ್‌ಎಸ್ ಗರುಡ ನೆಲೆಯಿಂದ ಹೊರಟವರು ಅವರು.

ಎಂಜಿನ್ ಇರುವುದರಿಂದಲೇ ಹುಟ್ಟುವ ಇನ್ನೊಂದು ಅಪಾಯ ಪೈಲಟ್‌ಗಳಿಗೆ ಚೆನ್ನಾಗಿ ಗೊತ್ತು. ಸಂಜೆಯಾಗಿದೆ, ಬಿಸಿಗಾಳಿ ಸತ್ತಿದೆ, ಮನೆ ಇನ್ನೂ ದೂರ. ‘ಎಂಜಿನ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಪೈಲಟ್ ಕೆಳಗೆ ಕೆಳಗೆ ಬರುತ್ತಾನೆ. ಕಡೆಗೆ ಗುಂಡಿ ಒತ್ತುತ್ತಾನೆ. ಗೂಡಿನ ಬಾಗಿಲು ತೆರೆದು ಕಂಬದಂಥ ಎಂಜಿನ್ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಅದು ಹೊತ್ತಿಕೊಂಡರೆ ಸರಿ. ಹೊತ್ತದಿದ್ದರೆ ಅದೇ ಕಂಬ ಗಾಳಿಯನ್ನು ತಡೆದು ಗ್ಲೈಡರನ್ನು ಕೆಳಕ್ಕೆ ಜಗ್ಗುತ್ತದೆ. ಒಂದು ಕಿಲೋಮೀಟರ್ ಎತ್ತರದಿಂದ 50 ಕಿ.ಮೀ. ತೇಲಬಲ್ಲ ಯಂತ್ರದ ಸಾಮರ್ಥ್ಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಪೈಲಟ್‌ನ ಕೈ ಸ್ಟಾರ್ಟರ್ ಮೇಲೆ, ಕಣ್ಣು ಮೀಟರಿನ ಮೇಲೆ. ವೇಗ ಕುಸಿದದ್ದು, ಮರಗಳು ಹತ್ತಿರವಾದದ್ದು ಗಮನಕ್ಕೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಅದಕ್ಕೇ ಅನುಭವಿ ತರಬೇತುದಾರರು ಒಂದು ಶಿಸ್ತನ್ನು ಬಿಡದೆ ಕಲಿಸುತ್ತಾರೆ. ಎಂಜಿನ್ ಹೊತ್ತುವುದಿಲ್ಲ ಎಂದೇ ಲೆಕ್ಕ ಹಾಕು. ಇಳಿಯಲು ಒಳ್ಳೆಯ ಹೊಲವನ್ನು ಮೊದಲು ಗುರುತಿಸು, ಅದು ಕೈಗೆಟಕುವಷ್ಟು ಎತ್ತರವಿದ್ದಾಗಲೇ ಎಂಜಿನ್ ಹೊರತೆಗೆ. ಗೊತ್ತುಮಾಡಿದ ಎತ್ತರಕ್ಕೆ ಬಂದರೆ ಸ್ಟಾರ್ಟರ್ ಬಿಟ್ಟು ಇಳಿಯುವುದರ ಕಡೆಗೇ ಮನಸ್ಸು ಕೊಡು. ಈ ಶಿಸ್ತು ಬೆಂಕಿಯ ಹೊತ್ತಿನಲ್ಲೂ ಕಾಯುತ್ತದೆ. ಕೆಳಗೆ ಹೊಲ ಸಿದ್ಧವಿದ್ದವನಿಗೆ ಇಂಧನ ಮುಚ್ಚಿ, ಇಗ್ನಿಷನ್ ಆರಿಸಿ ಇಳಿಯಲು ದಾರಿಯಿರುತ್ತದೆ.

ಬೆಂಗಳೂರಿಗೂ ಇದು ಪಾಠ

ಉಳಿದದ್ದು ನೆಲದ ಮೇಲಿನ ಕೆಲಸ. ಹಾರುವ ಮುನ್ನ ಎಂಜಿನ್ ಹೊರತೆಗೆದು ಪೈಪುಗಳ ಉದ್ದಕ್ಕೂ ಬೆರಳಾಡಿಸಬೇಕು. ಬಾಗುವ ಜಾಗದಲ್ಲಿ ಬಿರುಕಿದೆಯೇ, ಗೂಡಿನ ತಳದಲ್ಲಿ ಪೆಟ್ರೋಲ್ ವಾಸನೆಯಿದೆಯೇ, ಎಗ್ಸಾಸ್ಟ್ ಸುತ್ತ ಮಸಿಯ ಗೆರೆ ಮೂಡಿದೆಯೇ ನೋಡಬೇಕು. ಕೈಜಾರಿ ಬಿದ್ದ ಬ್ಯಾಟರಿಯನ್ನು, ಹೊರಗೆ ಗೀರೂ ಕಾಣದಿದ್ದರೂ, ತಜ್ಞರಿಗೆ ತೋರಿಸದೆ ಹಾರಿಸಬಾರದು. ಇದಕ್ಕೆ ದುಬಾರಿ ಉಪಕರಣ ಬೇಡ, ಪುರುಸೊತ್ತು ಬೇಕು.

ಆದರೆ ಪಾರ್ಹಮ್‌ನ ಬೆಂಕಿ ಹೇಳುವಂತೆ, ಪೈಲಟ್‌ನ ಎಚ್ಚರವೊಂದೇ ಸಾಲದು. ಕಾಣದ್ದನ್ನು ಕಾಣಿಸುವ ಹೊಣೆ ತಯಾರಕರದು, ಅದನ್ನು ಕಡ್ಡಾಯ ಮಾಡುವ ಹೊಣೆ ನಿಯಂತ್ರಕರದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ‘ಇ-ಹಂಸ’ ಎಂಬ ಎರಡು ಆಸನದ ವಿದ್ಯುತ್ ತರಬೇತಿ ವಿಮಾನವನ್ನು ರೂಪಿಸಲಿದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಅದರಲ್ಲಿ ಕೂರುವವರು ಹಾರಲು ಕಲಿಯುತ್ತಿರುವ ಹುಡುಗ ಹುಡುಗಿಯರು. ಬ್ಯಾಟರಿ ಗೂಡಿನ ಬಿಸಿಯನ್ನು, ಹೊಗೆಯನ್ನು ಮೊದಲ ಕ್ಷಣದಲ್ಲೇ ತಿಳಿಸುವ ವ್ಯವಸ್ಥೆ ಆ ವಿಮಾನದ ಮೊದಲ ನಕ್ಷೆಯಲ್ಲೇ ಇರಬೇಕು. ಬೇರೆಯವರು ಬೆಂಕಿ ಕಂಡು ಕಲಿತದ್ದನ್ನು ನಾವು ಬೆಂಕಿ ಕಾಣದೆಯೇ ಕಲಿಯಬಹುದು, ಕಲಿಯಲೇಬೇಕು.