ಗೂಸ್‌ನೆಕ್ ಟ್ರೇಲರೂ ಗಾಳಿಯ ಸ್ಪ್ರಿಂಗೂ

ಕಬ್ಬಿನ ಹಂಗಾಮಿನಲ್ಲಿ ಮಂಡ್ಯದ ಏರು ರಸ್ತೆಗಳಲ್ಲಿ ಟ್ರ್ಯಾಕ್ಟರ್ ಮುಂಗಾಲೆತ್ತುವುದನ್ನು ಕಂಡವರಿಗೆ ಈ ಅಧ್ಯಾಯದ ಅರ್ಧ ಪಾಠ ಆಗಲೇ ಗೊತ್ತು. ಹಿಂದಿನ ಆಕ್ಸೆಲ್ ದಾಟಿದ ಕೊಕ್ಕೆಯ ಮೇಲೆ ಭಾರ ಬಿದ್ದರೆ ಆಕ್ಸೆಲ್ಲೇ ಆನಿಕೆಯಾಗಿ ಗಾಡಿಯ ಮೂತಿ ಮೇಲೇಳುತ್ತದೆ. ಅಮೆರಿಕದ ಪಿಕಪ್‌ಗಳ ಬಂಪರಿನಡಿಯ ಕೊಕ್ಕೆಗೆ ಟ್ರೇಲರ್ ಕಟ್ಟಿದಾಗಲೂ ಮುಂದಿನ ಚಕ್ರಗಳು ಹೀಗೇ ಹಗುರಾಗುತ್ತವೆ.

ಗೂಸ್‌ನೆಕ್ ಆ ತೊಂದರೆಯನ್ನು ಬುಡದಲ್ಲೇ ತೆಗೆಯುತ್ತದೆ. ಟ್ರೇಲರಿನ ಬಾಗಿದ ಕತ್ತು ಪಿಕಪ್‌ನ ಹಿಂಬಾಗಿಲ ಮೇಲಿಂದ ಹಾದು, ಸಾಮಾನು ತುಂಬುವ ತೊಟ್ಟಿಯ ನಡುವಿನ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಸುಮಾರು 59 ಮಿ.ಮೀ. ದಪ್ಪದ ಆ ಗುಂಡನ್ನು ತೊಟ್ಟಿಯ ತಗಡಿಗಲ್ಲ, ಕೆಳಗಿನ ಚಾಸಿಗೆ ಬಿಗಿದಿರುತ್ತಾರೆ. ಅದರ ಜಾಗ ಹಿಂದಿನ ಆಕ್ಸೆಲ್‌ನ ನೇರಕ್ಕೆ, ಇಲ್ಲವೇ ಕೆಲವೇ ಅಂಗುಲ ಮುಂದಕ್ಕೆ. ಮೂತಿ ಏಳುವುದಿಲ್ಲ, ಟ್ರೇಲರ್ ಬಾಲ ಬೀಸುವುದೂ ಕಡಿಮೆ. ದನ, ಕುದುರೆ, ಹುಲ್ಲಿನ ಪೆಂಡಿ ಸಾಗಿಸುವ ಅಲ್ಲಿನ ರೈತರಿಗೆ ಇದು ದಿನಬಳಕೆಯ ಜೋಡಣೆ.

ಆದರೆ ಬಂಪರ್ ಕೊಕ್ಕೆಯ ಮೇಲೆ ಟ್ರೇಲರಿನ ತೂಕದ ಶೇ. 10ರಿಂದ 15 ಭಾಗ ಕೂತರೆ, ಗೂಸ್‌ನೆಕ್ ಗುಂಡಿನ ಮೇಲೆ ಸಾಮಾನ್ಯವಾಗಿ ಶೇ. 20ರಿಂದ 25. ಟ್ರೇಲರ್ 7,000 ಕಿಲೋ ಇದ್ದರೆ ಕನಿಷ್ಠ 1,400 ಕಿಲೋ ಹಿಂದಿನ ಆಕ್ಸೆಲ್‌ನ ತಲೆಯ ಮೇಲೆ. ಪಿಕಪ್‌ನ ಹಿಂಭಾಗ ಕುಸಿಯುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಗಾಳಿಯ ಸ್ಪ್ರಿಂಗ್ ಬರುವುದು ಇಲ್ಲಿ. ಆಕ್ಸೆಲ್‌ಗೂ ಚಾಸಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ರಬ್ಬರಿನ ಗಾಳಿಚೀಲ. ನಮ್ಮ ವೋಲ್ವೊ ಬಸ್ಸುಗಳು ಕುಲುಕದೆ ಸಾಗುವುದೂ ಇಂಥ ಚೀಲಗಳ ಮೇಲೆಯೇ. ಲೆಕ್ಕ ಸರಳ: ಒತ್ತಡವನ್ನು ಚೀಲದ ವಿಸ್ತೀರ್ಣದಿಂದ ಗುಣಿಸಿದರೆ ಅದು ಹೊರುವ ಭಾರ ಸಿಗುತ್ತದೆ. 180 ಚದರ ಸೆಂ.ಮೀ. ಚೀಲದಲ್ಲಿ ಚದರ ಸೆಂ.ಮೀ.ಗೆ 5 ಕಿಲೋ ಒತ್ತಡವಿದ್ದರೆ 900 ಕಿಲೋ. ಭಾರ ಹೊರಲೆಂದು ಗಡುಸು ಮಾಡಿದ ಪಟ್ಟಿ ಸ್ಪ್ರಿಂಗು ಖಾಲಿ ಗಾಡಿಯನ್ನು ಎತ್ತಿ ಕುಕ್ಕುತ್ತದೆ. ಗಾಳಿಯದಾದರೆ ಹೊರೆ ಏರಿದಂತೆ ಗಡುಸಾಗುತ್ತದೆ, ಇಳಿದಂತೆ ಮೆದುವಾಗುತ್ತದೆ. ರ‍್ಯಾಮ್ ಕಂಪನಿ 2014ರ ಮಾದರಿಯಿಂದ ತನ್ನ 2500 ಪಿಕಪ್‌ನಲ್ಲಿ ಹಿಂದಿನ ಸುರುಳಿ ಸ್ಪ್ರಿಂಗಿನ ಬದಲಿಗೆ ಗಾಳಿಯದನ್ನು ಆಯ್ದುಕೊಳ್ಳಲು ಬಿಟ್ಟಿತು. 3500ರಲ್ಲಿ ಪಟ್ಟಿಗಳ ಜೊತೆಗೇ ಗಾಳಿಚೀಲ ಕೂಡಿಸಿಕೊಳ್ಳಲು ಬಿಟ್ಟಿತು.

ಮೋಸಹೋಗುವುದೂ ಇಲ್ಲಿಯೇ. ಗಾಳಿ ಗಾಡಿಯ ನಿಲುವನ್ನು ಸರಿಮಾಡುತ್ತದೆ, ತಾಕತ್ತನ್ನು ಹೆಚ್ಚಿಸುವುದಿಲ್ಲ. ಆಕ್ಸೆಲ್, ಟೈರು, ಬ್ರೇಕು ಎಲ್ಲ ಮೊದಲಿನವೇ. ಕುಸಿದ ಹಿಂಭಾಗ ಕಡೇಪಕ್ಷ ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು; ಚೀಲ ಊದಿದ ಮೇಲೆ ಮಿತಿಮೀರಿದ ಹೊರೆಯೂ ನೆಟ್ಟಗೆ ನಿಂತು ಸಭ್ಯವಾಗಿ ಕಾಣುತ್ತದೆ. ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಹಿಂದಿನ ಆಕ್ಸೆಲ್‌ನ ಮಿತಿ ಇರುತ್ತದೆ. ವೇಬ್ರಿಡ್ಜ್‌ನಲ್ಲಿ ಆಕ್ಸೆಲ್‌ಗಳನ್ನು ಬೇರೆಬೇರೆಯಾಗಿ ತೂಗಿ ಅದಕ್ಕೆ ಹೋಲಿಸದೆ ಬೇರೆ ದಾರಿಯಿಲ್ಲ.

ಹೊರಗಿನಿಂದ ಕೊಂಡ ಚೀಲ ಜೋಡಿಸುವವರಿಗೆ ಇನ್ನೊಂದು ತಲೆನೋವು ಜಾಗದ್ದು. ಗುಂಡನ್ನು ಚಾಸಿಗೆ ಬಿಗಿಯುವ ಪಟ್ಟಿಗಳೂ ಚೀಲದ ಬ್ರಾಕೆಟ್ಟೂ ಚಾಸಿಯ ಅದೇ ಗೇಣುದ್ದಕ್ಕೆ ಪೈಪೋಟಿ ಮಾಡುತ್ತವೆ. ಎರಡೂ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಎರಡು ಚೀಲಗಳನ್ನು ಒಂದೇ ಕೊಳವೆಗೆ ಕೂಡಿಸುವುದು ಜಿಪುಣತನ: ತಿರುವಿನಲ್ಲಿ ಗಾಳಿ ಒತ್ತಿಸಿಕೊಂಡ ಕಡೆಯಿಂದ ಇನ್ನೊಂದು ಕಡೆಗೆ ಹರಿದು ಗಾಡಿ ಮತ್ತಷ್ಟು ವಾಲುತ್ತದೆ.

ಹಾಗೆಂದು ಮನಸೋ ಇಚ್ಛೆ ಊದುವಂತೆಯೂ ಇಲ್ಲ. ಗುಂಡು ಮೇಲೇರಿದರೆ ಟ್ರೇಲರ್ ಹಿಂದಕ್ಕೆ ವಾಲಿ, ಅದರ ಕತ್ತು ತೊಟ್ಟಿಯ ಹಿಂಬದಿಯ ಅಂಚಿಗೆ ಹತ್ತಿರವಾಗುತ್ತದೆ. ಅಲ್ಲಿ ಸುಮಾರು 15 ಸೆಂ.ಮೀ. ಸಂದು ಬೇಕು, ಇಲ್ಲವಾದರೆ ಹಳ್ಳ ದಾಟುವಾಗ ತಗಡು ನುಗ್ಗಾಗುತ್ತದೆ.

ಕಳಚುವಾಗ ಮಾತ್ರ ಗಾಳಿಯದು ಎರಡು ಮುಖ. ಜಾಕ್ ತಿರುಗಿಸಿ ಟ್ರೇಲರಿನ ಕತ್ತನ್ನು ಎತ್ತುತ್ತಿದ್ದರೆ, ಹೊರೆ ಇಳಿದ ಚೀಲ ಹಿಗ್ಗಿ ಗುಂಡನ್ನೂ ಅದರ ಬೆನ್ನಿಗೇ ಏರಿಸುತ್ತದೆ. ಎಷ್ಟು ಎತ್ತಿದರೂ ಬೇಗ ಬಿಡಿಸಿಕೊಳ್ಳುವುದಿಲ್ಲ. ಬಲ್ಲವರು ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟು, ಭಾರವನ್ನು ಜಾಕಿಗೆ ದಾಟಿಸಿ, ಚಿಲಕ, ಸರಪಳಿ, ವೈರು ಬಿಚ್ಚಿ, ಆಮೇಲೆ ಚೀಲದ ಗಾಳಿ ಇಳಿಸುತ್ತಾರೆ. ಗುಂಡು ತಾನಾಗಿ ಕೆಳಗೆ ಜಾರುತ್ತದೆ. ಹಿಂಬಾಗಿಲು ಇಳಿಸಿ ಮುಂದೆ ಓಡಿಸಿದರಾಯಿತು. ಹೊರಗಿನಿಂದ ಹಾಕಿಸಿದ ಚೀಲವಾದರೆ ಪೂರ್ತಿ ಖಾಲಿ ಬಿಡದೆ 5 ಪಿಎಸ್‌ಐ ಆದರೂ ಉಳಿಸುತ್ತಾರೆ, ರಬ್ಬರು ಮಡಿಕೆಯಲ್ಲಿ ಸಿಕ್ಕಿ ಹರಿಯದಿರಲೆಂದು.