ಕೂಸಿನ ಗಾಡಿಯೂ ಚಾಮುಂಡಿ ಬೆಟ್ಟವೂ

ಮಗು ಹುಟ್ಟುವ ಮನೆಯಲ್ಲಿ ಅದಕ್ಕೆಂದು ಸಿದ್ಧವಾಗುವ ವಸ್ತುಗಳಿಗೆಲ್ಲ ಕನ್ನಡದಲ್ಲಿ ಸೊಗಸಾದ ಹೆಸರುಗಳುಂಟು. ಮಲಗಿಸಲು ತೊಟ್ಟಿಲು, ತಲೆಗೆ ಕುಲಾವಿ, ಹಾಲೂಡಲು ಒಳಲೆ, ಅಳು ನಿಲ್ಲಿಸಲು ಗಿಲಕಿ, ಹೆಜ್ಜೆ ಕಲಿಸಲು ಮೂರು ಗಾಲಿಯ ಮರದ ಗಾಡಿ. ಆದರೆ ಕೂಸನ್ನು ಮಲಗಿಸಿಯೋ ಕೂರಿಸಿಯೋ ಬೀದಿಯಲ್ಲಿ ತಳ್ಳಿಕೊಂಡು ಹೋಗುವ ಗಾಡಿಗೆ ಮಾತ್ರ ನಮ್ಮಲ್ಲಿ ನೆಲೆನಿಂತ ಹೆಸರಿಲ್ಲ. ‘ತಳ್ಳುಗಾಡಿ’ ಎಂದರೆ ತರಕಾರಿ ಮಾರುವವನು ಕಣ್ಣಿಗೆ ಕಟ್ಟುತ್ತಾನೆ. ‘ಕೈಗಾಡಿ’ ಎಂದರೆ ಮೂಟೆಗಳು ನೆನಪಾಗುತ್ತವೆ. ಅಂಗಡಿಯವರು ‘ಪ್ರ್ಯಾಮ್’ ಎನ್ನುತ್ತಾರೆ, ‘ಸ್ಟ್ರಾಲರ್’ ಎನ್ನುತ್ತಾರೆ. ಹೆಸರಿಲ್ಲದಿರುವುದಕ್ಕೆ ಕಾರಣವೂ ಸ್ಪಷ್ಟ: ಆ ವಸ್ತು ನಮಗೆ ಬೇಕಾಗಿರಲಿಲ್ಲ. ಅಜ್ಜಿಯ ಮಡಿಲು, ಅತ್ತೆಯ ಸೊಂಟ, ಚಿಕ್ಕಪ್ಪನ ಹೆಗಲು ಇವು ಇರುವ ಮನೆಗೆ ಗಾಲಿಯ ಹಂಗೇಕೆ?

ಈಗ ಕಾಲ ಬದಲಾಗಿದೆ. ಗಂಡ, ಹೆಂಡತಿ, ಕೂಸು ಈ ಮೂವರೇ ಇರುವ ಸಂಸಾರಗಳು ಮೈಸೂರಿನ ಬಡಾವಣೆಗಳಲ್ಲಿ ಹೆಚ್ಚುತ್ತಿವೆ. ಚೊಚ್ಚಲ ಮಗುವಿಗೆ ಗಾಡಿ ಕೊಳ್ಳಬೇಕೆ, ಕೊಂಡರೆ ಎಂಥದು ಎಂಬುದು ಇಂದು ಅನೇಕ ಮನೆಗಳಲ್ಲಿ ಚರ್ಚೆಯ ವಿಷಯ. ಕೆಲವು ಸಾವಿರ ರೂಪಾಯಿಗಳಿಂದ ಹಲವು ಹತ್ತು ಸಾವಿರಗಳವರೆಗೆ ಬೆಲೆಯುಳ್ಳ ವಸ್ತುವಾದ್ದರಿಂದ ಆ ಚರ್ಚೆ ಅನಗತ್ಯವೆನ್ನಲಾಗದು.

ಮೇಕೆ ಎಳೆದ ಗಾಡಿ

ಈ ಗಾಡಿಯ ಚರಿತ್ರೆ ಸ್ವಾರಸ್ಯವಾದುದು. 1733ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಡೆವನ್‌ಷೈರಿನ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ಶಿಲ್ಪಿ ಚಿಪ್ಪಿನಾಕಾರದ ಪುಟ್ಟ ರಥವೊಂದನ್ನು ರೂಪಿಸಿದನು. ಅದನ್ನು ತಳ್ಳುವವರಿರಲಿಲ್ಲ, ಮೇಕೆಯಂಥ ಸಣ್ಣ ಪ್ರಾಣಿ ಅದನ್ನು ಎಳೆಯಬೇಕಾಗಿತ್ತು. ಹಿಂದಿನಿಂದ ಹಿಡಿ ಹಿಡಿದು ತಳ್ಳುವ ಗಾಡಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಆಂಗ್ಲರು ‘ಪೆರಾಂಬ್ಯುಲೇಟರ್’ ಎಂದು ಹೆಸರಿಟ್ಟರು. ಸುತ್ತಾಡುವುದು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಈ ಹೆಸರು ಅದಕ್ಕೂ ಮೊದಲು ಭೂಮಾಪಕರು ದಾರಿಯ ಉದ್ದ ಅಳೆಯಲು ಉರುಳಿಸಿಕೊಂಡು ಹೋಗುತ್ತಿದ್ದ ಚಕ್ರಕ್ಕಿತ್ತು. ನೆಲ ಅಳೆಯುವ ಚಕ್ರದ ಹೆಸರು ಕೂಸಿನ ಗಾಡಿಗೆ ಬಂದು, ಕಾಲಕ್ರಮದಲ್ಲಿ ಸವೆದು ‘ಪ್ರ್ಯಾಮ್’ ಆಯಿತು.

1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ರಿಚರ್ಡ್‌ಸನ್ ಎಂಬಾತ ಮಗುವಿನ ಮುಖವನ್ನು ಬೇಕಾದಾಗ ತಾಯಿಯ ಕಡೆಗೆ, ಬೇಡವಾದಾಗ ಬೀದಿಯ ಕಡೆಗೆ ತಿರುಗಿಸಬಹುದಾದ ಗಾಡಿಗೆ ಹಕ್ಕುಪತ್ರ ಪಡೆದನು. ಎಲ್ಲಕ್ಕಿಂತ ದೊಡ್ಡ ಮಾರ್ಪಾಡು 1965ರಲ್ಲಿ ಆದದ್ದು. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ಚೌಕಟ್ಟಿನ ಮೇಲೆ ಕೆಲಸ ಮಾಡಿದ್ದ ಓವೆನ್ ಮೆಕ್ಲಾರೆನ್ ಎಂಬ ನಿವೃತ್ತ ಎಂಜಿನಿಯರು, ತನ್ನ ಮೊಮ್ಮಗಳ ಗಾಡಿಯ ಭಾರವನ್ನು ಕಂಡು, ಅಲ್ಯುಮಿನಿಯಂ ಕೊಳವೆಗಳಿಂದ ಹೊಸದೊಂದನ್ನು ಕಲ್ಪಿಸಿದನು. ತೂಕ ಮೂರು ಕಿಲೋಗಿಂತ ಕಡಿಮೆ. ಮಡಿಸಿದರೆ ಕೊಡೆಯಂತೆ ತೋಳಿಗೆ ತೂಗಹಾಕಬಹುದು. ಇಂದು ಅಂಗಡಿಗಳಲ್ಲಿ ಕಾಣುವ ಹಗುರವಾದ ಮಡಿಸುವ ಗಾಡಿಗಳೆಲ್ಲ ಅದರ ವಂಶದವೇ.

ಬೆಟ್ಟವೆಂಬ ಪರೀಕ್ಷಕ

ಮೈಸೂರಿನವರಿಗೆ ಗಾಡಿಯ ಯೋಗ್ಯತೆ ಅಳೆಯಲು ಚಾಮುಂಡಿ ಬೆಟ್ಟಕ್ಕಿಂತ ಉತ್ತಮ ಪರೀಕ್ಷಕನಿಲ್ಲ. ಸಮುದ್ರಮಟ್ಟದಿಂದ ಸುಮಾರು 3,489 ಅಡಿ ಎತ್ತರದಲ್ಲಿ, ಊರಿನಿಂದ ಸುಮಾರು ಸಾವಿರ ಅಡಿ ಮೇಲೆ ನಿಂತಿರುವ ಈ ಬೆಟ್ಟಕ್ಕೆ ಎರಡು ದಾರಿಗಳು. ಒಂದು, 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದರೆನ್ನುವ ಸಾವಿರ ಮೆಟ್ಟಿಲುಗಳ ದಾರಿ; ಸುಮಾರು ಏಳುನೂರನೆಯ ಮೆಟ್ಟಿಲಿನ ಬಳಿ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 16 ಅಡಿ ಎತ್ತರದ ನಂದಿ. ಇನ್ನೊಂದು, ಸುತ್ತಿ ಬಳಸಿ ಏರುವ ಮೋಟಾರು ರಸ್ತೆ. ಚೊಚ್ಚಲ ಕೂಸನ್ನು ಮೊದಲ ಸಲ ತಾಯಿಯ ಸನ್ನಿಧಿಗೆ ಕರೆದೊಯ್ಯುವುದು ಇಲ್ಲಿನ ಅನೇಕ ಮನೆತನಗಳ ವಾಡಿಕೆಯಾದ್ದರಿಂದ, ಗಾಡಿಯ ಪ್ರಶ್ನೆಯೂ ಬೆಟ್ಟದ ಪ್ರಶ್ನೆಯೂ ಒಂದೆಡೆ ಸೇರುತ್ತವೆ.

ನಮ್ಮ ಮನೆಯಲ್ಲಿಯೂ ಸೇರಿದವು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ನನ್ನಾಕೆ ಮೂರು ತಿಂಗಳು ಗೇಟು ದಾಟಿರಲಿಲ್ಲ. ಭಾರ ಎತ್ತಬಾರದೆಂದು ವೈದ್ಯರು ಎಚ್ಚರಿಸಿದ್ದರು. ನಾನು ಬೆಳಿಗ್ಗೆ ಕಾಲೇಜಿಗೆ ಹೋದರೆ ಹಿಂದಿರುಗುವುದು ಸಂಜೆಗೆ. ಗಾಡಿಯ ಮಾತೆತ್ತಿದಾಗ ನಮ್ಮ ತಾಯಿಗೆ ನಗು ಬಂದಿತು.

“ಕೂಸನ್ನ ಗಾಡಿಗೆ ಹಾಕಿ ತಳ್ಳೋದೇನೋ? ನಿನ್ನನ್ನ ನಾನು ಸೊಂಟದ ಮೇಲೆ ಇಟ್ಕೊಂಡೇ ಅಷ್ಟೂ ಮೆಟ್ಟಿಲು ಹತ್ತಲಿಲ್ವೆ?”

ನನ್ನಾಕೆ ಮೆಲ್ಲಗೆ ಕೇಳಿದಳು: “ಆವತ್ತು ನಿಮ್ಮ ಜೊತೆ ಯಾರು ಯಾರು ಇದ್ರು ಅತ್ತೆ?”

ತಾಯಿ ಬೆರಳು ಮಡಿಸತೊಡಗಿದರು. “ನಮ್ಮತ್ತೆ ಇದ್ರು. ನಾದಿನಿಯರಿಬ್ಬರು. ನಮ್ಮಕ್ಕ ಬಂದಿದ್ಲು. ನೂರು ಮೆಟ್ಟಿಲಿಗೊಬ್ಬರು ಎತ್ಕೋತಿದ್ರು. ನಂದಿ ಹತ್ರ ಎಲ್ಲರೂ ಕೂತು ಮಜ್ಜಿಗೆ ಕುಡಿದ್ವಿ.” ಐದನೆಯ ಬೆರಳಿಗೆ ಬಂದಾಗ ಅವರ ಮಾತು ನಿಂತಿತು. ತುಸು ಹೊತ್ತಿನ ಮೇಲೆ, “ಸರಿ, ಗಟ್ಟಿಯಾಗಿರೋದು ನೋಡಿ ತಗೊಳ್ಳಿ” ಎಂದರು.

ಆ ಬೆರಳೆಣಿಕೆಯಲ್ಲಿ ವಿಷಯದ ತಿರುಳೆಲ್ಲ ಇದೆ. ಹುಟ್ಟಿದಾಗ ಸುಮಾರು 3 ಕಿಲೋ ತೂಗುವ ಶಿಶು ಐದಾರು ತಿಂಗಳಲ್ಲಿ ಇಮ್ಮಡಿಯಾಗುತ್ತದೆ, ವರ್ಷ ತುಂಬುವಾಗ ಮುಮ್ಮಡಿಯಾಗುತ್ತದೆ. ಐದು ಜೊತೆ ತೋಳುಗಳು ಹಂಚಿಕೊಳ್ಳುತ್ತಿದ್ದ ಆ ಭಾರ ಇಂದು ಒಂದೇ ಜೊತೆ ತೋಳಿನ ಮೇಲೆ ಬಿದ್ದಿದೆ. ಗಾಡಿ ಇರುವುದು ತಾಯಿಯ ಸೋಮಾರಿತನಕ್ಕಲ್ಲ. ಆಕೆ ಮತ್ತೆ ಬೀದಿಯ ಬೆಳಕನ್ನು ಕಾಣುವಂತಾಗಲಿ ಎಂಬುದಕ್ಕೆ.

ಕೊಳ್ಳುವ ಮುನ್ನ

ಹಾಗೆಂದು ಅಂಗಡಿಯಲ್ಲಿ ಹೊಳೆಯುವುದನ್ನೆಲ್ಲ ಕೊಳ್ಳಲಾದೀತೆ? ವಾಚಕರು ಕೆಲವು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಲೇಸು.

ಮೊದಲನೆಯದು ಮಲಗುವ ಸೌಕರ್ಯ. ಎಳೆಗೂಸಿನ ಕುತ್ತಿಗೆಗೆ ತಲೆಯನ್ನು ಹೊರುವ ಶಕ್ತಿ ಇರುವುದಿಲ್ಲ. ಒರಗಿ ಕೂತಾಗ ಗದ್ದ ಎದೆಗೆ ತಾಗಿದರೆ ಉಸಿರಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಮಗು ತಾನಾಗಿ ಕೂರಲು ಕಲಿಯುವವರೆಗೆ, ಎಂದರೆ ಸುಮಾರು ಆರು ತಿಂಗಳವರೆಗೆ, ಸಮತಟ್ಟಾಗಿ ಮಲಗಿಸಬಹುದಾದ ಗಾಡಿಯೇ ಬೇಕು. ಕೊಡೆಯಂತೆ ಮಡಿಸುವ ಹಗುರ ಗಾಡಿಗಳಲ್ಲಿ ಅನೇಕವು ಹಾಗೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಅವು ಕೂರುವ ಮಕ್ಕಳಿಗೆ ತಕ್ಕವು.

ಎರಡನೆಯದು ಪಟ್ಟಿ. ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವ ಪಟ್ಟಿ ಇರಬೇಕು. ಸೊಂಟಕ್ಕೆ ಮಾತ್ರ ಇರುವ ಪಟ್ಟಿಯಿಂದ ಮಗು ಜಾರಿ ಇಳಿಯಬಲ್ಲದು.

ಮೂರನೆಯದು ಬ್ರೇಕು. ಇಲ್ಲಿ ಬೆಟ್ಟದ ಲೆಕ್ಕವೊಂದನ್ನು ಮಾಡಿ ನೋಡೋಣ. ಮಗು 10 ಕಿಲೋ, ಗಾಡಿ 8 ಕಿಲೋ, ಒಟ್ಟು 18. ಹನ್ನೆರಡು ಅಡಿಗೆ ಒಂದಡಿ ಏರುವ ಇಳಿಜಾರಿನಲ್ಲಿ ಅದನ್ನು ಹಿಡಿದಿರಲು ಬೇಕಾಗುವ ಬಲ ಒಂದೂವರೆ ಕಿಲೋ ಎತ್ತುವಷ್ಟು. ಕೈಗೆ ಅದು ಏನೂ ಅಲ್ಲವೆನಿಸುತ್ತದೆ, ಅಪಾಯವಿರುವುದೂ ಅಲ್ಲಿಯೇ. ಹೂವು ಕೊಳ್ಳಲು ಕೈಬಿಟ್ಟರೆ, ಬ್ರೇಕು ಹಾಕದ ಗಾಡಿ ಮೂರು ಸೆಕೆಂಡಿನಲ್ಲಿ ಹತ್ತಡಿಗೂ ಮಿಗಿಲಾಗಿ ಓಡಿಬಿಡಬಲ್ಲದು. ಕಾಲಿನ ಒಂದೇ ಒತ್ತಿಗೆ ಹಿಂದಿನ ಎರಡೂ ಗಾಲಿಗಳನ್ನು ಕಚ್ಚಿ ಹಿಡಿಯುವ ಬ್ರೇಕು ಉತ್ತಮ. ಹಿಡಿಯಿಂದ ನಮ್ಮ ಮಣಿಕಟ್ಟಿಗೆ ಸುತ್ತಿಕೊಳ್ಳುವ ದಾರವಿದ್ದರೆ ಇನ್ನೂ ಕ್ಷೇಮ. ಬ್ರೇಕು ಹಾಕಿದ್ದರೂ ಗಾಡಿಯನ್ನು ಇಳಿಜಾರಿಗೆ ಅಡ್ಡವಾಗಿಯೇ ನಿಲ್ಲಿಸತಕ್ಕದ್ದು.

ನಾಲ್ಕನೆಯದು ಗಾಲಿ. ನಮ್ಮ ಕಾಲುದಾರಿಗಳಲ್ಲಿ ಚರಂಡಿಯ ಚಪ್ಪಡಿಗಳ ನಡುವಣ ಸಂದುಗಳೂ ಮನೆಮನೆಯ ಮುಂದಣ ಇಳಿಜಾರುಗಳೂ ಸಾಮಾನ್ಯ. ಅಂಗೈಯಗಲದ ಗಾಲಿಗಳು ಇಂಥ ಸಂದಿನಲ್ಲಿ ಸಿಕ್ಕಿಕೊಂಡರೆ ಗಾಡಿ ಮುಗ್ಗರಿಸುತ್ತದೆ. ದೊಡ್ಡ ಗಾಲಿ ಭಾರ ಹೆಚ್ಚಿಸಿದರೂ ದಾರಿ ಸವೆಸುತ್ತದೆ. ಕಾರಂಜಿ ಕೆರೆಯ ಸುತ್ತಲೋ 1892ರಲ್ಲಿ ಸ್ಥಾಪನೆಯಾದ ನಮ್ಮ ಮೃಗಾಲಯದ ಹಾದಿಗಳಲ್ಲಿಯೋ ಅಡ್ಡಾಡುವವರಿಗೆ ಸಣ್ಣ ಗಾಲಿ ಸಾಕು. ದಿನವೂ ಬಡಾವಣೆಯ ಬೀದಿಯಲ್ಲಿ ತಳ್ಳುವವರಿಗೆ ಸಾಲದು.

ಐದನೆಯದು ಮಡಿಕೆ. ಬೆಟ್ಟದ ಬಸ್ಸಿನಲ್ಲಾಗಲಿ ಬಾಡಿಗೆಯ ಆಟೋದಲ್ಲಾಗಲಿ ಗಾಡಿಯನ್ನು ಮಡಿಸದೆ ಒಯ್ಯುವಂತಿಲ್ಲ. ಒಂದು ತೋಳಿನಲ್ಲಿ ಮಗುವಿರುವಾಗ ಇನ್ನೊಂದೇ ಕೈಯಿಂದ ಮಡಿಸಲು ಬರುವುದೇ ಎಂಬುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ಕೀಲುಗಳ ಬಗೆಗೂ ಎಚ್ಚರ ಅಗತ್ಯ. ಮಕ್ಕಳ ಬೆರಳ ತುದಿಗಳು ಕೀಲಿಗೆ ಸಿಕ್ಕು ತುಂಡಾದ ಪ್ರಕರಣಗಳು ವರದಿಯಾದ ಮೇಲೆ, 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಮಡಿಸುವ ಗಾಡಿಗಳ ಕೀಲುಗಳಿಗೆ ಹೊದಿಕೆ ಒದಗಿಸಬೇಕಾಯಿತು. ಗಾಡಿಯನ್ನು ಬಿಚ್ಚುವಾಗಲೂ ಮಡಿಸುವಾಗಲೂ ಮಗು ಕೈಗೆಟುಕದಷ್ಟು ದೂರದಲ್ಲಿರಬೇಕು.

ಆರನೆಯದು ಮುಖದ ದಿಕ್ಕು. ರಿಚರ್ಡ್‌ಸನ್ ಅಂದು ಯೋಚಿಸಿದ್ದು ಸರಿಯೆಂಬುದಕ್ಕೆ 2008ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಸಂಶೋಧನೆಯೊಂದು ಬೆಂಬಲವಿತ್ತಿತು. ಮಗು ತಮ್ಮ ಕಡೆ ಮುಖಮಾಡಿದ್ದಾಗ ತಾಯಂದಿರು ಅದರೊಡನೆ ಎರಡು ಪಟ್ಟು ಹೆಚ್ಚು ಮಾತನಾಡಿದರಂತೆ. ನುಡಿ ಕಲಿಯುವ ಕೂಸಿಗೆ ಇದು ಸಾಮಾನ್ಯ ಲಾಭವಲ್ಲ. ಭಾಷೆಯ ಮೇಷ್ಟರಾದ ನನಗೆ ಈ ಅಂಶ ಗಾಲಿಗಿಂತಲೂ ಬ್ರೇಕಿಗಿಂತಲೂ ಪ್ರಿಯವಾಯಿತೆಂದರೆ ವಾಚಕರು ಕ್ಷಮಿಸಬೇಕು!

ಬಿಸಿಲು, ಹೊಗೆ, ಚೀಲ

ಬಿಸಿಲಿಗೆ ಮರೆಯೆಂದು ಗಾಡಿಯ ಬಾಯಿಗೆ ಸೀರೆಯನ್ನೋ ಟವೆಲನ್ನೋ ಮುಚ್ಚುವವರುಂಟು. ಗಾಳಿಯಾಡದ ಆ ಗೂಡು ಸ್ವಲ್ಪ ಹೊತ್ತಿನಲ್ಲೇ ಕಾವೇರುತ್ತದೆ. ಮಗು ಬೆವೆತರೂ ನಮಗೆ ಕಾಣದು. ಗಾಡಿಯದೇ ಮೇಲ್ಮರೆಯನ್ನು ಬಳಸಿ, ಮುಂಭಾಗ ತೆರೆದಿಟ್ಟು, ಬೆಳಗಿನ ಅಥವಾ ಸಂಜೆಯ ಹೊತ್ತನ್ನು ಆರಿಸಿಕೊಳ್ಳುವುದೇ ವಿವೇಕ. ವಾಹನಗಳ ಹೊಗೆಯ ವಿಷಯವೂ ಉಂಟು. ಗಾಡಿಯಲ್ಲಿರುವ ಮಗು ಉಸಿರಾಡುವುದು ನೆಲದಿಂದ ಎರಡು ಮೂರು ಅಡಿ ಮೇಲಿನ ಗಾಳಿಯನ್ನು. ದೊಡ್ಡವರಿಗಿಂತ ಶೇಕಡಾ 60ರಷ್ಟು ಹೆಚ್ಚು ಕಲುಷಿತ ಗಾಳಿ ಅದಕ್ಕೆ ಒದಗಬಹುದೆಂದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯದ ತಜ್ಞರು 2018ರಲ್ಲಿ ತಿಳಿಸಿದರು. ಆದಕಾರಣ ಬಸ್ಸು ಲಾರಿಗಳ ಹೆದ್ದಾರಿಯನ್ನು ಬಿಟ್ಟು ಒಳಬೀದಿಯ ಮರದ ನೆರಳಿನಲ್ಲಿ ತಿರುಗುವುದು ಮೇಲು.

ಇನ್ನು ಹಿಡಿಗೆ ತೂಗಹಾಕುವ ಚೀಲ. ತೆಂಗಿನಕಾಯಿ, ಹಣ್ಣು, ನೀರಿನ ಬಾಟಲಿ ಎಲ್ಲವನ್ನೂ ಅಲ್ಲಿ ನೇತುಹಾಕುವುದು ಅನುಕೂಲವೇ. ಆದರೆ ಮಗುವನ್ನು ಎತ್ತಿಕೊಂಡ ಮರುಕ್ಷಣ, ಮುಂದಣ ಭಾರ ಹೋಗಿ, ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗು ಒಳಗಿದ್ದಾಗಲೇ ಚೀಲದ ತೂಕ ಹೆಚ್ಚಿದರೆ ಮಗುವಿನೊಡನೆಯೇ ಮಗುಚುವುದೂ ಉಂಟು. ಭಾರವನ್ನು ಆಸನದ ಕೆಳಗಣ ಬುಟ್ಟಿಯಲ್ಲಿಡಬೇಕು.

ಅಂಗಡಿಗೆ ಹೋಗುವಾಗ ಹತ್ತು ಕಿಲೋ ಅಕ್ಕಿಯ ಚೀಲವೊಂದನ್ನು ಜೊತೆಯಲ್ಲಿ ಒಯ್ಯಿರಿ ಎಂಬುದು ನನ್ನ ಸಲಹೆ. ಖಾಲಿ ಗಾಡಿ ಎಲ್ಲವೂ ಹಂಸದಂತೆ ನಡೆಯುತ್ತದೆ. ಅಕ್ಕಿಯ ಚೀಲವನ್ನು ಕೂರಿಸಿ, ಒಂದೇ ಕೈಯಿಂದ ತಳ್ಳಿ ತಿರುಗಿಸಿ, ಬಾಗಿಲ ಹೊಸ್ತಿಲನ್ನು ಏರಿಸಿ ಇಳಿಸಿ ನೋಡಿದಾಗ ಗಾಡಿಯ ನಿಜಗುಣ ತಿಳಿಯುತ್ತದೆ. ತಳ್ಳುವವರು ಬಗ್ಗಬೇಕಾಗಿದ್ದರೆ ಅದು ಬೇಡ. ಬಂಧುಗಳಿಂದ ಬಂದ ಹಳೆಯ ಗಾಡಿಯೂ ಕೀಳಲ್ಲ. ಆದರೆ ಪಟ್ಟಿಯ ಕೊಂಡಿ, ಬ್ರೇಕು, ಮಡಿಕೆಯ ಚಿಲಕ ಈ ಮೂರು ಗಟ್ಟಿಯಾಗಿರಲೇಬೇಕು.

ಗಾಡಿ ನಿಲ್ಲುವ ಜಾಗ

ಇಷ್ಟೆಲ್ಲ ನೋಡಿ ಕೊಂಡ ಗಾಡಿಯೂ ಬೆಟ್ಟದ ಮೇಲೆ ಎಲ್ಲ ಕಡೆಗೂ ಸಲ್ಲದು. ಮೆಟ್ಟಿಲುಗಳ ದಾರಿಗೆ ಅದು ಖಂಡಿತ ಬೇಡ. ಮಗುಸಹಿತ ಗಾಡಿಯನ್ನು ಇಬ್ಬರು ಎತ್ತಿಕೊಂಡು ಮೆಟ್ಟಿಲು ಹತ್ತುವುದು ಸಾಹಸವಲ್ಲ, ಅವಿವೇಕ. ಮೆಟ್ಟಿಲು ಹತ್ತಲೇಬೇಕೆನ್ನುವವರು ಮಗುವನ್ನು ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದು. ಹೊಲಗದ್ದೆಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳು ಬಲ್ಲ ವಿದ್ಯೆಯೇ ಅದು. ಮಗುವಿನ ಮುಖ ನಮಗೆ ಸದಾ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಇಷ್ಟೇ ನಿಯಮ. ಮೋಟಾರು ರಸ್ತೆಯ ತಿರುವುಗಳಲ್ಲಿ ಗಾಡಿ ತಳ್ಳುತ್ತ ಏರುವುದೂ ಸಲ್ಲದು. ವಾಹನದಿಂದಿಳಿದ ಮೇಲೆ ದೇವಾಲಯದವರೆಗಿನ ಹಾದಿಯಲ್ಲಿ ಮಾತ್ರ ಅದರ ಸೇವೆ. ಆಷಾಢ ಶುಕ್ರವಾರಗಳ ಜನಸಾಗರದಲ್ಲಿ ಅದೂ ಸಾಧ್ಯವಿಲ್ಲ. ಎಳೆಗೂಸಿನೊಡನೆ ಹೋಗುವವರು ಆ ದಿನಗಳನ್ನು ತಪ್ಪಿಸಿ ಸಾಮಾನ್ಯ ವಾರದ ಬೆಳಗನ್ನು ಆರಿಸಿಕೊಂಡರೆ ತಾಯಿ ಮುನಿಯಲಾರಳು. ಇಮ್ಮಡಿ ಭಕ್ತಿಯಿಂದ ದರ್ಶನ ಮಾಡಲು ಬಿಡುವೂ ದೊರೆಯುತ್ತದೆ.

ಗೋಪುರದ ಮುಂದೆ ಎಂಥ ಬೆಲೆಯ ಗಾಡಿಯೂ ಚಪ್ಪಲಿಗಳ ಹಾಗೆಯೇ ಹೊರಗೆ ನಿಲ್ಲುತ್ತದೆ. ಅಲ್ಲಿಂದ ಒಳಕ್ಕೆ ಕೂಸು ಹೋಗುವುದು ತೋಳಿನ ಮೇಲೆಯೇ. ಅಜ್ಜಿ ಜೊತೆಯಲ್ಲಿದ್ದರೆ ಆ ಸರದಿ ಅವರದಾಗಲಿ. ಗಾಡಿ ತಂದದ್ದರಿಂದ ತಮ್ಮ ಮಡಿಲಿಗೆ ಕೆಲಸವಿಲ್ಲವಾಯಿತೆಂದು ಹಿರಿಯರು ನೊಂದುಕೊಳ್ಳುವ ಸಂದರ್ಭ ಯಾವ ಮನೆಯಲ್ಲಿಯೂ ಬರಬಾರದು. ಗಾಡಿ ಬಂದಿರುವುದು ತೋಳುಗಳಿಗೆ ವಿಶ್ರಾಂತಿ ಕೊಡಲು. ಅವುಗಳ ಸ್ಥಾನವನ್ನು ಕಸಿದುಕೊಳ್ಳಲು ಅಲ್ಲ. ಎರಡು ಮೂರು ವರ್ಷಗಳಲ್ಲಿ ಮಗು ತಾನೇ ನಡೆಯುತ್ತದೆ, ಗಾಡಿ ಅಟ್ಟ ಸೇರುತ್ತದೆ ಇಲ್ಲವೇ ನೆರೆಮನೆಯ ಇನ್ನೊಂದು ಚೊಚ್ಚಲ ಕೂಸಿಗೆ ಒದಗುತ್ತದೆ. ಅಷ್ಟು ಅಲ್ಪಕಾಲದ ಸಂಗಾತಿಯಾದರೂ, ಹೊಸ ತಾಯಿಯೊಬ್ಬಳನ್ನು ಮನೆಯ ನಾಲ್ಕು ಗೋಡೆಗಳಿಂದ ಹೊರಗೆ ಕರೆತಂದರೆ, ಕೊಟ್ಟ ಹಣ ಸಾರ್ಥಕ.