ಮೆಟ್ಟಿಲಿನಲ್ಲಿ ಕೆತ್ತಿಟ್ಟ ಕಸುಬು

ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿದರೆ ನಾವು ಮೊದಲು ಯೋಚಿಸುವುದು ಮನೆ ಕಟ್ಟಿಸುವ ಬಗ್ಗೆ. ಮೆಟ್ಟಿಲಿಗೆ ಯಾವ ಮರ, ಬಾಗಿಲಿಗೆ ಯಾವ ಕೆತ್ತನೆ ಅಂತ ತಿಂಗಳುಗಟ್ಟಲೆ ಚರ್ಚೆ. ಆದರೆ ಆ ಮನೆಗೆ ದುಡ್ಡು ತಂದುಕೊಟ್ಟ ಕಸುಬಿನ ಗುರುತು ಒಳಗೆ ಎಲ್ಲಾದರೂ ಇರುತ್ತದಾ? ಜರ್ಮನಿಯ ಮೊನ್‌ಶೌ ಪಟ್ಟಣದ ‘ಕೆಂಪು ಮನೆ’ಯಲ್ಲಿ ಅದು ನಡುಮನೆಯಲ್ಲೇ ಇದೆ.

ಬೆಲ್ಜಿಯಂ ಗಡಿಯ ಹತ್ತಿರ, ರೂರ್ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಈ ಪಟ್ಟಣವಿದೆ. ಸುಣ್ಣದ ಅಂಶ ಕಡಿಮೆ ಇರುವ ಇಲ್ಲಿನ ನೀರು ಉಣ್ಣೆ ತೊಳೆಯಲು, ಬಣ್ಣ ಹಾಕಲು ಹೇಳಿ ಮಾಡಿಸಿದ ಹಾಗಿತ್ತು. ಯೋಹಾನ್ ಹೈನ್ರಿಖ್ ಶೈಬ್ಲರ್ (1705-1765) ಸ್ಪೇನಿನಿಂದ ಒಳ್ಳೆಯ ಉಣ್ಣೆ ತರಿಸಿ, ನಯವಾದ ಬಟ್ಟೆ ಮಾಡಿಸಿ ಹೊರದೇಶಗಳಿಗೆ ಮಾರಿದರು. ಕ್ಯಾಥೊಲಿಕರೇ ಹೆಚ್ಚಿದ್ದ ಊರಿನಲ್ಲಿ ಇವರು ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರ ಮಗ. ಹೊರಗಿನಿಂದ ಬಂದು, ಕಸುಬು ಕಲಿತು ನೆಲೆಯಾದವರು.

18ನೇ ಶತಮಾನದ ನಡುವಿನಲ್ಲಿ ನದಿಯ ಬದಿಗೇ ಅವರು ಎದ್ದು ಕಾಣುವ ಕೆಂಪು ಬಣ್ಣದ ಈ ಮನೆ ಕಟ್ಟಿಸಿದರು. ಹೊರಗಿನಿಂದ ಒಂದೇ, ಒಳಗೆ ಎರಡು. ‘ಶಿರಸ್ತ್ರಾಣ’ ಎಂಬ ಹೆಸರಿನ ಭಾಗದಲ್ಲಿ ಸಂಸಾರ, ‘ಪೆಲಿಕನ್ ಹಕ್ಕಿ’ ಹೆಸರಿನ ಭಾಗದಲ್ಲಿ ವ್ಯಾಪಾರ.

ಮನೆಯ ಹೆಸರು ಉಳಿಸಿದ್ದು ಓಕ್ ಮರದ ಮೆಟ್ಟಿಲು. ನಡುವೆ ಕಂಬದ ಆಸರೆಯಿಲ್ಲದೆ ಅದು ಸುತ್ತುತ್ತಾ ಮಹಡಿಯಿಂದ ಮಹಡಿಗೆ ಏರುತ್ತದೆ. ಅದರ ಕಟಾಂಜನದಲ್ಲಿ 21 ಕೆತ್ತನೆಗಳು. ಉಣ್ಣೆ ಬಟ್ಟೆಯಾಗುವ ಒಂದೊಂದು ಹಂತವೂ ಅಲ್ಲಿದೆ. ಕೆಲಸ ಮಾಡುತ್ತಿರುವವರು ಮಾತ್ರ ದುಂಡು ಕೆನ್ನೆಯ ಪುಟ್ಟ ಮಕ್ಕಳು!

ನಿಜವಾಗಿ ದುಡಿದವರು ಆ ಮಕ್ಕಳಲ್ಲ. ನೂಲುವ ಕೆಲಸ ಸುತ್ತಲಿನ ಹಳ್ಳಿಗಳ ಬಡವರ ಮನೆಗಳಲ್ಲಿ ಕೂಲಿಗೆ ನಡೆಯುತ್ತಿತ್ತು. ಮನೆಯಲ್ಲೇ ಕೂತು ಬೀಡಿ ಕಟ್ಟಿ ಸಂಸಾರ ಸಾಗಿಸಿದ ನಮ್ಮ ಉಮ್ಮಂದಿರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

19ನೇ ಶತಮಾನದಲ್ಲಿ ಮೊನ್‌ಶೌನ ಬಟ್ಟೆ ವ್ಯಾಪಾರ ಇಳಿಯಿತು. 1820ರಲ್ಲಿ ಇಲ್ಲೇ ಹುಟ್ಟಿದ, ಇದೇ ಮನೆತನದ ಕಾರ್ಲ್ ಶೈಬ್ಲರ್ ಪೋಲೆಂಡಿನ ವೂಜ್ ನಗರಕ್ಕೆ ಹೋಗಿ ದೊಡ್ಡ ಗಿರಣಿ ಮಾಲೀಕರಾದರು. ಕೆಂಪು ಮನೆ ಈಗ ವಸ್ತುಸಂಗ್ರಹಾಲಯ.

ಆ ಕೆತ್ತನೆಗಳಲ್ಲಿ ಕೂಲಿಯವರ ಮುಖವಿಲ್ಲ, ಹೆಸರಿಲ್ಲ. ಆದರೂ ಅವರ ಕೆಲಸವಾದರೂ ಮರದಲ್ಲಿ ಉಳಿಯಿತು. ನಮ್ಮಲ್ಲಿ ಹೊಸ ಮನೆಗೆ ಹೋಗುವಾಗ ಬೀಡಿಯ ತಡ್ಪೆಯನ್ನು ಹಳೆ ಸಾಮಾನಿನ ಜೊತೆ ಎಸೆದು ಬಿಡುತ್ತೇವೆ. ಇನ್ನು ಮುಂದೆ ಅದನ್ನು ಎಸೆಯುವ ಮೊದಲು ಮಕ್ಕಳನ್ನು ಕರೆದು, ಈ ಮನೆಯ ಮೊದಲ ಕಲ್ಲು ಇದರಿಂದಲೇ ಬಂತು ಅಂತ ಒಮ್ಮೆ ತೋರಿಸೋಣ.